ಸ್ವಿಟ್ಜರ್‌ಲೆಂಡಿನ ಚಲನ್ ಡೊಂಬಿವಲಿಗೆ ಬಂದರೆ: ವಿದೇಶದಲ್ಲಿ ವೇಗಮಿತಿ ಮೀರಿದವರಿಗೆ ಏನಾಗುತ್ತದೆ?

ಹಿಂದೆ ಯುರೋಪ್ ಪ್ರವಾಸವೆಂದರೆ ಮುಂಬೈ, ಪುಣೆಯ ಕನ್ನಡಿಗರೂ ಟೂರ್ ಕಂಪನಿಯ ಬಸ್ಸಿನಲ್ಲಿ ಕೂತು, ಅವರು ಬಡಿಸಿದ್ದನ್ನು ಉಂಡು, ಅವರು ತೋರಿಸಿದ್ದನ್ನು ನೋಡಿ ಬರುತ್ತಿದ್ದರು. ಈಗ ಅಲ್ಲೇ ಕಾರು ಬಾಡಿಗೆಗೆ ಪಡೆದು, ತಾವೇ ಓಡಿಸಿಕೊಂಡು ಸುತ್ತುವವರು ಹೆಚ್ಚಿದ್ದಾರೆ. ಅದರ ಜೊತೆಗೇ ಒಂದು ಹೊಸ ಬಗೆಯ ಟಪಾಲೂ ಬರತೊಡಗಿದೆ. ಮೇ ರಜೆಯ ಫೋಟೊಗಳೆಲ್ಲ ಹಳತಾದ ಮೇಲೆ, ದೀಪಾವಳಿಯ ಹೊತ್ತಿಗೆ, ಸೊಸೈಟಿಯ ಟಪಾಲು ಪೆಟ್ಟಿಗೆಯಲ್ಲಿ ಒಂದು ಲಕೋಟೆ ಸಿಗುತ್ತದೆ. ಭಾಷೆ ಇಟಾಲಿಯನ್ನೋ ಜರ್ಮನ್ನೋ. ಒಳಗೆ ಕಾರಿನ ನಂಬರು, ದಿನಾಂಕ, ಗಂಟೆ, ನಿಮಿಷ, ವೇಗ ಮತ್ತು ಕಟ್ಟಬೇಕಾದ ಮೊತ್ತ.

ಇದು ನಿಜವಾದ ನೋಟಿಸೇ? ಕಾರ್ಡಿನಿಂದ ಆಗಲೇ ಹಣ ಕಡಿತವಾಗಿತ್ತಲ್ಲ, ಮತ್ತೆ ಇದೇನು? ಕಟ್ಟದೆ ಬಿಟ್ಟರೆ ಇಲ್ಲಿನ ಪೊಲೀಸರು ಮನೆಗೆ ಬರುತ್ತಾರೆಯೇ? ಮುಂದಿನ ವೀಸಾಕ್ಕೆ ತೊಂದರೆಯಾದೀತೇ? ಇವುಗಳಲ್ಲಿ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಲೇಸು. ಹೆಚ್ಚಿನವರು ಎಡವುವುದು ಅಲ್ಲಿ.

ಬಿಲ್ಲು ಒಂದಲ್ಲ, ಎರಡು

ವೇಗ ಅಳೆಯುವ ಕ್ಯಾಮೆರಾ ಚಾಲಕನನ್ನು ಗುರುತಿಸುವುದಿಲ್ಲ, ನಂಬರ್ ಪ್ಲೇಟನ್ನು ಗುರುತಿಸುತ್ತದೆ. ಮಹಾರಾಷ್ಟ್ರದ ಇ-ಚಲನ್ ಕೂಡ ವಾಹನದ ಮಾಲೀಕನ ಮೊಬೈಲಿಗೇ ಬರುತ್ತದೆ. ಆ ದಿನ ಕಾರನ್ನು ಮಗ ಓಡಿಸಿದ್ದನೋ ಅಳಿಯ ಓಡಿಸಿದ್ದನೋ ಎಂಬುದು ಆಮೇಲಿನ ಮಾತು. ಬಾಡಿಗೆ ಕಾರಿನ ಮಾಲೀಕ ಎಂದರೆ ಬಾಡಿಗೆ ಕಂಪನಿ. ಹಾಗಾಗಿ ಮೊದಲ ಕಾಗದ ಅದಕ್ಕೆ ಹೋಗುತ್ತದೆ: ಈ ಹೊತ್ತಿನಲ್ಲಿ ಈ ಕಾರು ಯಾರ ಕೈಯಲ್ಲಿತ್ತು, ತಿಳಿಸಿ. ಕಂಪನಿ ಕರಾರುಪತ್ರ ತೆಗೆದು ನೋಡಿ ನಿಮ್ಮ ಹೆಸರು, ಮುಂಬೈ ಬಳಿಯ ಡೊಂಬಿವಲಿಯ ವಿಳಾಸ, ಪರವಾನಗಿಯ ಸಂಖ್ಯೆ ಕೊಟ್ಟು ಕೈತೊಳೆದುಕೊಳ್ಳುತ್ತದೆ.

ಈ ಗುಮಾಸ್ತಗಿರಿಗೆ ಕಂಪನಿ ಶುಲ್ಕ ಹಾಕುತ್ತದೆ. ಯುರೋಪಿನಲ್ಲಿ ಇದು ಸಾಮಾನ್ಯವಾಗಿ 30ರಿಂದ 50 ಯೂರೊ ಆಸುಪಾಸಿನಲ್ಲಿರುತ್ತದೆ. ಕಾರು ಪಡೆಯುವಾಗ ಕೊಟ್ಟ ಕ್ರೆಡಿಟ್ ಕಾರ್ಡಿನಿಂದಲೇ ಅದು ಕಡಿತವಾಗುತ್ತದೆ. ನೀವು ಸಹಿ ಹಾಕಿದ ಕರಾರಿನಲ್ಲೇ ಅದಕ್ಕೆ ಒಪ್ಪಿಗೆ ಇರುವುದರಿಂದ ಮತ್ತೊಮ್ಮೆ ಕೇಳುವುದಿಲ್ಲ. ವಿದೇಶಿ ವ್ಯಾಪಾರಿ ಕಡಿತ ಮಾಡುವಾಗ ನಮ್ಮ ಮೊಬೈಲಿಗೆ ಒಟಿಪಿ ಬರಲೇಬೇಕೆಂದೂ ಇಲ್ಲ. ಬ್ಯಾಂಕಿನ ಸಂದೇಶ ನೋಡಿದವರು ‘ದಂಡ ಹೋಯಿತು, ಪೀಡೆ ಕಳೆಯಿತು’ ಎಂದುಕೊಳ್ಳುತ್ತಾರೆ. ಹೋಗಿರುವುದು ದಂಡವಲ್ಲ, ವಿಳಾಸ ಕೊಟ್ಟಿದ್ದಕ್ಕೆ ಕಂಪನಿಯ ಕೂಲಿ. ಸರ್ಕಾರದ ದಂಡ ಇನ್ನೂ ದಾರಿಯಲ್ಲಿದೆ.

ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ, ಏಕೆಂದರೆ ಅನೇಕ ದೇಶಗಳಲ್ಲಿ ದಂಡ ದಿನ ಕಳೆದಂತೆ ಏರುತ್ತದೆ. ಫ್ರಾನ್ಸಿನ ಊರೊಳಗೆ ವೇಗಮಿತಿಯನ್ನು 20 ಕಿ.ಮೀ.ಗಿಂತ ಕಡಿಮೆ ಮೀರಿದರೆ ದಂಡ 135 ಯೂರೊ. ಬೇಗ ಕಟ್ಟಿದವರಿಗೆ 90, ಗಡುವು ದಾಟಿದವರಿಗೆ 375. ಇಟಲಿಯಲ್ಲಿ ನೋಟಿಸು ಕೈಸೇರಿದ ಐದು ದಿನಗಳೊಳಗೆ ಕಟ್ಟಿದರೆ ಶೇ. 30 ರಿಯಾಯಿತಿ, ತೀರಾ ಗಂಭೀರವಾದ ಉಲ್ಲಂಘನೆಗಳಿಗೆ ಮಾತ್ರ ಇದು ಸಿಗುವುದಿಲ್ಲ. 60 ದಿನ ದಾಟಿದರೆ ಮೊತ್ತ ಏಕಾಏಕಿ ಜಿಗಿಯುತ್ತದೆ.

ದುಬೈಯಲ್ಲಿ ಪದ್ಧತಿ ಬೇರೆ. ಅಲ್ಲಿ ದಂಡ ವಾಹನದ ಖಾತೆಗೆ ಬೇಗ ಬೀಳುವುದರಿಂದ ಬಾಡಿಗೆ ಕಂಪನಿಯೇ ಅದನ್ನು ಕಟ್ಟಿ, ತನ್ನ ಶುಲ್ಕ ಸೇರಿಸಿ, ನಿಮ್ಮ ಠೇವಣಿಯಿಂದ ವಸೂಲು ಮಾಡುವುದು ರೂಢಿ. ಕಾರು ಹಿಂತಿರುಗಿಸಿದ ಮೇಲೂ ಕೆಲವು ವಾರ ಠೇವಣಿ ಬಿಡದೆ ಹಿಡಿದುಕೊಳ್ಳುವುದು ಇದಕ್ಕಾಗಿಯೇ.

ಊರಿಗೆ ಬಂದ ಕೂಡಲೇ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಆಫ್ ಮಾಡಿಬಿಡುವ ಜಾಣರೂ ಇದ್ದಾರೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಅಕ್ಟೋಬರ್‌ನಿಂದ ಗ್ರಾಹಕರಿಗೆ ಆ ಸೌಲಭ್ಯವಿದೆ. ಇದರಿಂದ ನಿಲ್ಲುವುದು ಕಂಪನಿಯ ಕಡಿತ ಮಾತ್ರ. ಬಾಕಿ ಹಾಗೆಯೇ ಉಳಿಯುತ್ತದೆ, ಮುಂದಿನ ಸಲ ಅದೇ ಕಂಪನಿ ಕಾರು ಕೊಡಲು ನಿರಾಕರಿಸಬಹುದು. ಸರ್ಕಾರದ ದಂಡಕ್ಕಂತೂ ಇದರಿಂದ ಏನೂ ಆಗುವುದಿಲ್ಲ.

ಕಾಗದ ಇಷ್ಟು ತಡವಾಗಿ ಬಂದರೂ ಊರ್ಜಿತವೇ?

ಸಾಮಾನ್ಯವಾಗಿ ಹೌದು. ಇಟಲಿಯ ಕಾನೂನಿನಲ್ಲಿ ಸ್ಥಳೀಯರಿಗೆ 90 ದಿನಗಳೊಳಗೆ ನೋಟಿಸು ಕಳುಹಿಸಬೇಕು, ವಿದೇಶದಲ್ಲಿ ವಾಸಿಸುವವರಿಗೆ 360 ದಿನಗಳವರೆಗೂ ಅವಕಾಶವಿದೆ. ಬ್ರಿಟನ್ನಿನ 14 ದಿನಗಳ ನಿಯಮವನ್ನು ಎಲ್ಲೋ ಓದಿ ‘ನನ್ನದು ತಡವಾಗಿದೆ, ಹಾಗಾಗಿ ರದ್ದು’ ಎಂದು ವಾದಿಸುವವರನ್ನು ನೋಡಿದ್ದೇನೆ. ಆ 14 ದಿನಗಳ ಲೆಕ್ಕ ವಾಹನದ ನೋಂದಾಯಿತ ಹೊಣೆಗಾರನಿಗೆ, ಅಂದರೆ ಬಾಡಿಗೆ ಕಂಪನಿಗೆ ಹೋಗುವ ಮೊದಲ ನೋಟಿಸಿಗೆ ಅನ್ವಯಿಸುತ್ತದೆ. ಕಂಪನಿ ನಿಮ್ಮ ಹೆಸರು ಹೇಳಿದ ಮೇಲೆ ಹೊರಡುವ ಕಾಗದ ತಿಂಗಳುಗಳ ನಂತರ ಬಂದರೂ ಸಿಂಧುವೇ. ಅದಕ್ಕೆ 28 ದಿನಗಳೊಳಗೆ ‘ಚಾಲಕ ಯಾರು’ ಎಂದು ಉತ್ತರಿಸಬೇಕು. ಉತ್ತರಿಸದೆ ಇರುವುದೇ ಅಲ್ಲಿ ಬೇರೊಂದು ಅಪರಾಧ, ಹಲವು ಸಲ ಮೂಲ ತಪ್ಪಿಗಿಂತ ದುಬಾರಿಯದು.

ನಮ್ಮವರು ಸಿಕ್ಕಿಬೀಳುವ ಜಾಗಗಳು

ಬೇಕೆಂದೇ ಹುಚ್ಚು ವೇಗದಲ್ಲಿ ಓಡಿಸಿ ದಂಡ ತೆತ್ತವರಿಗಿಂತ, ಮಿತಿ ಎಷ್ಟೆಂದೇ ಗೊತ್ತಿಲ್ಲದೆ ತೆತ್ತವರು ಹೆಚ್ಚು.

ಜರ್ಮನಿ, ಫ್ರಾನ್ಸಿನ ಹಳ್ಳಿ ರಸ್ತೆಗಳಲ್ಲಿ ಊರಿನ ಹೆಸರು ಬರೆದ ಫಲಕ ಬಂತೆಂದರೆ ಅಲ್ಲಿಂದಾಚೆ ಮಿತಿ 50 ಕಿ.ಮೀ. ಫಲಕದಲ್ಲಿ 50 ಎಂಬ ಅಂಕಿ ಇರಬೇಕೆಂದಿಲ್ಲ, ಊರಿನ ಹೆಸರೇ ಆಜ್ಞೆ. ಲೋಣಾವಳ ಬಂತು, ಖಂಡಾಲ ಬಂತು ಎಂದು ಹೆಸರು ಓದಿಕೊಂಡು ಅದೇ ವೇಗದಲ್ಲಿ ಮುಂದುವರಿಯುವ ನಮಗೆ ಇದು ಹೊಳೆಯುವುದೇ ಇಲ್ಲ. ಊರು ಮುಗಿಯುವಲ್ಲಿ ಅದೇ ಹೆಸರಿನ ಮೇಲೆ ಅಡ್ಡಗೆರೆ ಎಳೆದ ಫಲಕ ಕಾಣುವವರೆಗೆ ಆ ಮಿತಿ ಜಾರಿಯಲ್ಲಿರುತ್ತದೆ.

ಮಳೆಯದು ಇನ್ನೊಂದು. ಫ್ರಾನ್ಸ್ ಮತ್ತು ಇಟಲಿಯ ಹೆದ್ದಾರಿಗಳಲ್ಲಿ ಸಾಮಾನ್ಯ ಮಿತಿ 130 ಕಿ.ಮೀ., ಮಳೆ ಬಂದರೆ 110. ಮುಂಬೈಯ ಜುಲೈ ತಿಂಗಳನ್ನು ಕಂಡವರು ಅಲ್ಲಿನ ಜಿಟಿಜಿಟಿಯನ್ನು ಮಳೆಯೆಂದೇ ಎಣಿಸುವುದಿಲ್ಲ, ಆದರೆ ಅಲ್ಲಿನ ಕಾನೂನು ಎಣಿಸುತ್ತದೆ. ಜರ್ಮನಿಯ ಹೆದ್ದಾರಿಯಾದ ಆಟೊಬಾನ್‌ನಲ್ಲಿ ವೇಗಮಿತಿಯೇ ಇಲ್ಲವೆಂಬ ಮಾತು ಅರ್ಧ ಸತ್ಯ: ಅನೇಕ ಭಾಗಗಳಲ್ಲಿ, ಮುಖ್ಯವಾಗಿ ನಗರಗಳ ಹತ್ತಿರ ಮತ್ತು ಕಾಮಗಾರಿ ನಡೆಯುವಲ್ಲಿ, ಮಿತಿ ಇದ್ದೇ ಇದೆ. ಅಲ್ಲಿಂದ ಗಡಿ ದಾಟಿ ಸ್ವಿಟ್ಜರ್‌ಲೆಂಡಿಗೆ ಬಂದರೆ ಹೆದ್ದಾರಿಯಲ್ಲಿ 120, ಊರ ಹೊರಗಿನ ರಸ್ತೆಯಲ್ಲಿ 80, ಊರೊಳಗೆ 50.

ಅಮೆರಿಕ, ಬ್ರಿಟನ್‌ಗಳಲ್ಲಿ ಫಲಕದ ಅಂಕಿ ಮೈಲಿಯದು. 30 ಎಂದರೆ ಗಂಟೆಗೆ 48 ಕಿ.ಮೀ., 70 ಎಂದರೆ 113. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಜನವಸತಿಯ ಬಹುತೇಕ ರಸ್ತೆಗಳ ಮಿತಿ 20 ಮೈಲಿ, ಅಂದರೆ 32 ಕಿ.ಮೀ.

ಸರಾಸರಿ ವೇಗ ಅಳೆಯುವ ಕ್ಯಾಮೆರಾಗಳ ವಿಷಯ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಓಡಾಡುವವರಿಗೆ ಹೊಸದಲ್ಲ. 2024ರಿಂದ ಅಲ್ಲಿಯೂ ಅಂಥ ವ್ಯವಸ್ಥೆ ಇದೆ. ಕ್ಯಾಮೆರಾ ಕೂರಿಸಿದ ಎರಡು ಕಮಾನುಗಳ ನಡುವಿನ ದೂರವನ್ನು ನೀವು ತೆಗೆದುಕೊಂಡ ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತುವುದರಿಂದ ಪ್ರಯೋಜನವಿಲ್ಲ. ಇಟಲಿ, ಆಸ್ಟ್ರಿಯಾ, ನೆದರ್‌ಲೆಂಡ್ಸ್, ಬ್ರಿಟನ್‌ಗಳಲ್ಲಿ ಇದು ಬಹು ಹಿಂದಿನಿಂದಲೂ ಬಳಕೆಯಲ್ಲಿದೆ.

ದಂಡ ಎಷ್ಟಾದೀತು?

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನ ಪ್ರಕಾರ ಕಾರಿನಂಥ ಲಘು ವಾಹನ ವೇಗಮಿತಿ ಮೀರಿದರೆ ದಂಡ 1,000ದಿಂದ 2,000 ರೂಪಾಯಿ. ಎಷ್ಟು ಮೀರಿದಿರಿ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಹೊರಗಿನ ದೇಶಗಳಲ್ಲಿ ಎಲ್ಲವೂ ನಿಂತಿರುವುದು ಆ ‘ಎಷ್ಟು’ ಎಂಬುದರ ಮೇಲೆ.

ಸ್ವಿಟ್ಜರ್‌ಲೆಂಡನ್ನೇ ನೋಡಿ. ಅಳತೆಯ ದೋಷಕ್ಕೆಂದು ಕೆಲವು ಕಿಲೋಮೀಟರ್ ಕಳೆದ ಮೇಲೂ ಊರೊಳಗೆ 1ರಿಂದ 5 ಕಿ.ಮೀ. ಮೀರಿದ್ದರೆ 40 ಫ್ರಾಂಕ್, 6ರಿಂದ 10 ಆದರೆ 120, 11ರಿಂದ 15 ಆದರೆ 250. 120 ಫ್ರಾಂಕ್ ಎಂದರೆ ಹನ್ನೆರಡು ಸಾವಿರ ರೂಪಾಯಿ ದಾಟುತ್ತದೆ. 50ರ ರಸ್ತೆಯಲ್ಲಿ 57ರಲ್ಲಿ ಹೋದದ್ದಕ್ಕೆ! ಹೆದ್ದಾರಿಯಲ್ಲಿ ಅದೇ ತಪ್ಪಿಗೆ ದಂಡ ಇದಕ್ಕಿಂತ ಕಡಿಮೆ, ಏಕೆಂದರೆ ಅಲ್ಲಿ ರಸ್ತೆ ದಾಟುವ ಮಗುವಿಲ್ಲ. ಊರೊಳಗೆ 15 ಕಿ.ಮೀ.ಗಿಂತ ಹೆಚ್ಚು ಮೀರಿದರೆ ನಿಗದಿತ ದಂಡದ ಪಟ್ಟಿಯೇ ಮುಗಿದು ಪ್ರಕರಣ ಅಭಿಯೋಜಕರ ಮೇಜಿಗೆ ಹೋಗುತ್ತದೆ. 50ರ ರಸ್ತೆಯಲ್ಲಿ 100 ಮುಟ್ಟಿದವನಿಗೆ ಕಾದಿರುವುದು ಜೈಲುಶಿಕ್ಷೆಯ ಕಲಮು.

ಜರ್ಮನಿ ಇದಕ್ಕೆ ಹೋಲಿಸಿದರೆ ಸೌಮ್ಯ. ಊರೊಳಗೆ 10 ಕಿ.ಮೀ.ವರೆಗೆ 30 ಯೂರೊ, 15ರವರೆಗೆ 50, 20ರವರೆಗೆ 70. 30 ದಾಟಿದರೆ 260 ಯೂರೊ ಮತ್ತು ಒಂದು ತಿಂಗಳು ಚಾಲನೆಗೆ ನಿಷೇಧ.

ಫಿನ್ಲೆಂಡಿನದು ಬೇರೆಯೇ ಜಾತಿ. 20 ಕಿ.ಮೀ.ಗಿಂತ ಹೆಚ್ಚು ಮೀರಿದರೆ ದಂಡವನ್ನು ಚಾಲಕನ ಆದಾಯದ ಲೆಕ್ಕದಲ್ಲಿ ಹಾಕುತ್ತಾರೆ. 2023ರಲ್ಲಿ ಆಂಡರ್ಸ್ ವಿಕ್ಲೊಫ್ ಎಂಬ ಶ್ರೀಮಂತ ಉದ್ಯಮಿ 50ರ ರಸ್ತೆಯಲ್ಲಿ 82ರಲ್ಲಿ ಹೋಗಿ ತೆತ್ತದ್ದು 1,21,000 ಯೂರೊ.

ದುಬೈಯಲ್ಲಿ ಫಲಕದ ಮಿತಿಯ ಮೇಲೆ 20 ಕಿ.ಮೀ.ವರೆಗೆ ಕ್ಯಾಮೆರಾ ಸುಮ್ಮನಿರುತ್ತದೆ. ಅದೇ ಅಭ್ಯಾಸದಲ್ಲಿ ಅಬುಧಾಬಿಗೆ ಹೋದವರು ಪೇಚಿಗೆ ಸಿಲುಕುತ್ತಾರೆ, ಏಕೆಂದರೆ ಅಲ್ಲಿ 2018ರ ಆಗಸ್ಟ್‌ನಲ್ಲಿ ಈ ವಿನಾಯಿತಿ ತೆಗೆದುಹಾಕಿದ್ದಾರೆ. ಯುಎಇಯ ದಂಡ 300 ದಿರ್ಹಮಿನಿಂದ ಆರಂಭವಾಗುತ್ತದೆ. ಮಿತಿಗಿಂತ 80 ಕಿ.ಮೀ. ಮೀರಿದರೆ 3,000 ದಿರ್ಹಮ್, ಜೊತೆಗೆ 60 ದಿನ ವಾಹನ ಜಪ್ತಿ. ಬಾಡಿಗೆ ಕಾರು ಜಪ್ತಿಯಾದರೆ ಆ ದಿನಗಳ ಬಾಡಿಗೆಯನ್ನೂ ಕಂಪನಿ ನಿಮ್ಮಿಂದಲೇ ಕೇಳಬಹುದು.

ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಮಕ್ಕಳ ಮನೆಗೆಂದು ವರ್ಜೀನಿಯಾಕ್ಕೆ ಹೋಗುವವರು ಇದನ್ನು ನೆನಪಿಡಬೇಕು: ಅಲ್ಲಿ ಗಂಟೆಗೆ 85 ಮೈಲಿ ದಾಟಿದರೆ, ಅಥವಾ ಮಿತಿಗಿಂತ 20 ಮೈಲಿ ಹೆಚ್ಚಾದರೆ, ಅದು ಬರೀ ಟಿಕೆಟ್ ಆಗಿ ಉಳಿಯದೆ ಅಪರಾಧವಾಗುತ್ತದೆ. 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ವಿಧಿಸಲು ಅವಕಾಶವಿದೆ. ಪಕ್ಕದ ರಾಜ್ಯದಲ್ಲಿ ಅದೇ ವೇಗಕ್ಕೆ ಸಾಮಾನ್ಯ ಟಿಕೆಟ್ ಸಿಕ್ಕಿ ಮುಗಿಯಬಹುದು.

ಪೊಲೀಸರೇ ನಿಲ್ಲಿಸಿದರೆ

ಇಲ್ಲಿ ನಮ್ಮ ಹಳೆಯ ಅಭ್ಯಾಸವೊಂದು ಕೆಟ್ಟ ಹೊತ್ತಿನಲ್ಲಿ ಕೈಕೊಡುತ್ತದೆ. ಅಮೆರಿಕದಲ್ಲಿ ಅಧಿಕಾರಿ ಕಿಟಕಿಯ ಬಳಿ ಬಂದಾಗ ಕಾರಿನಿಂದ ಇಳಿಯದೆ, ಕೈಗಳು ಕಾಣುವಂತೆ ಸ್ಟೀರಿಂಗಿನ ಮೇಲಿಟ್ಟು ಕೂರಬೇಕು. ‘ಇಲ್ಲೇ ಏನಾದರೂ ಕೊಟ್ಟು ಮುಗಿಸೋಣ’ ಎಂಬ ಧಾಟಿಯ ಮಾತು ವೇಗದ ಟಿಕೆಟನ್ನು ಲಂಚದ ಪ್ರಕರಣವಾಗಿಸಬಲ್ಲದು. ಟಿಕೆಟಿಗೆ ಸಹಿ ಹಾಕುವುದು ತಪ್ಪೊಪ್ಪಿಗೆಯಲ್ಲ; ಕಟ್ಟುತ್ತೇನೆ ಇಲ್ಲವೇ ನ್ಯಾಯಾಲಯಕ್ಕೆ ಬರುತ್ತೇನೆ ಎಂಬ ಭರವಸೆ ಅಷ್ಟೇ.

ಇಟಲಿಯಲ್ಲಿ ಇದಕ್ಕೆ ತಿರುಗುಮುರುಗು. ವಿದೇಶಿ ನೋಂದಣಿಯ ವಾಹನವಾಗಿದ್ದರೆ ಪೊಲೀಸರು ಅಲ್ಲೇ ದಂಡ ಕೇಳಬಹುದು, ಅದು ಪೂರ್ತಿ ಕಾನೂನುಬದ್ಧ. ಕಟ್ಟದಿದ್ದರೆ ಜಾಮೀನು ಹಣ ಇಡಬೇಕು, ಅದೂ ಆಗದಿದ್ದರೆ ವಾಹನವನ್ನು ತಡೆದು ನಿಲ್ಲಿಸಿಕೊಳ್ಳುವ ಅಧಿಕಾರ ಅವರಿಗಿದೆ. ಜರ್ಮನಿಯಲ್ಲಿ ಜರ್ಮನ್ ನಂಬರಿನ ಕಾರು ಪಡೆದು ಆಲ್ಪ್ಸ್ ದಾಟಿ ಇಟಲಿಗೆ ಇಳಿದವರಿಗೆ ಹೀಗಾಗಬಹುದು. ರಸೀದಿ ಪಡೆಯದೆ ಮಾತ್ರ ಹಣ ಕೊಡಬಾರದು.

ಕಟ್ಟದೆ ಬಿಟ್ಟರೆ?

ಎಲ್ಲರೂ ಕೇಳುವ, ಆದರೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು.

ಯುರೋಪಿಯನ್ ಒಕ್ಕೂಟದ ದೇಶಗಳು ವಾಹನ ಮಾಲೀಕರ ವಿವರಗಳನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತವೆ; 70 ಯೂರೊ ಮತ್ತು ಅದಕ್ಕೆ ಮೇಲ್ಪಟ್ಟ ದಂಡವನ್ನು ಒಂದು ದೇಶದ ಪರವಾಗಿ ಇನ್ನೊಂದು ವಸೂಲು ಮಾಡಿಕೊಡುವ ಏರ್ಪಾಡೂ ಇದೆ. ಜರ್ಮನಿ ಮತ್ತು ಸ್ವಿಟ್ಜರ್‌ಲೆಂಡ್ 2024ರ ಮೇ ತಿಂಗಳಿನಿಂದ ಇಂಥದೇ ಒಪ್ಪಂದವನ್ನು ಜಾರಿಗೆ ತಂದಿವೆ. ಭಾರತ ಈ ಜಾಲದೊಳಗೆ ಇಲ್ಲ.

ಹಾಗಾದರೆ ಅಲ್ಲಿನ ನ್ಯಾಯಾಲಯದ ಆದೇಶವನ್ನು ಇಲ್ಲಿ ಜಾರಿ ಮಾಡಿಸಬಹುದೇ? ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮು ಕೆಲವು ದೇಶಗಳ ನ್ಯಾಯಾಲಯಗಳ ಹಣದ ಡಿಕ್ರಿಗಳನ್ನು ನೇರವಾಗಿ ಭಾರತದಲ್ಲಿ ಜಾರಿಗೊಳಿಸಲು ಅವಕಾಶ ಕೊಡುತ್ತದೆ. ಬ್ರಿಟನ್ ಆ ಪಟ್ಟಿಯಲ್ಲಿದೆ, 2020ರ ಜನವರಿಯಲ್ಲಿ ಯುಎಇ ಸೇರಿತು. ಯುಎಇ ಸೇರಿದ ಸುದ್ದಿ ಬಂದಾಗ ‘ಇನ್ನು ದುಬೈಯ ಚಲನ್ನೂ ಇಲ್ಲಿ ವಸೂಲಾಗುತ್ತದೆ’ ಎಂಬ ಪುಕಾರು ಹಬ್ಬಿತ್ತು. ಕಲಮಿನ ವಿವರಣೆಯನ್ನೇ ಓದಿದರೆ ಅನುಮಾನ ಉಳಿಯುವುದಿಲ್ಲ: ತೆರಿಗೆ ಹಾಗೂ ದಂಡದ ಹಣವನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಸಾಲದ ಬಾಕಿ ಬೇರೆ, ಸರ್ಕಾರ ಹಾಕಿದ ದಂಡ ಬೇರೆ. ವೇಗದ ದಂಡಕ್ಕಾಗಿ ಡೊಂಬಿವಲಿಯ ಫ್ಲ್ಯಾಟಿಗೆ ಜಪ್ತಿ ಆದೇಶ ಬರುವುದಿಲ್ಲ.

ಇಲ್ಲಿಗೇ ನಿಟ್ಟುಸಿರುಬಿಟ್ಟು ಲಕೋಟೆಯನ್ನು ರದ್ದಿಗೆ ಹಾಕುವವರು ಒಂದನ್ನು ಮರೆಯುತ್ತಾರೆ. ಪರಊರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ ಬಂದರೆ ಅಂಗಡಿಯವನು ನಿಮ್ಮ ಊರಿಗೆ ಬರುವುದಿಲ್ಲ, ಆದರೆ ಪುಸ್ತಕದಲ್ಲಿ ನಿಮ್ಮ ಹೆಸರು ಹಾಗೆಯೇ ಇರುತ್ತದೆ. ಆ ಬೀದಿಗೆ ಮತ್ತೆ ಕಾಲಿಟ್ಟ ದಿನ ಲೆಕ್ಕ ಕೇಳುತ್ತಾನೆ. ನೆದರ್‌ಲೆಂಡ್ಸ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಗಡಿ ಪೊಲೀಸರು ಪಾಸ್‌ಪೋರ್ಟ್ ತಪಾಸಣೆಯ ವೇಳೆ ಹಳೆಯ ದಂಡದ ಬಾಕಿ ವಸೂಲು ಮಾಡುವುದು ಮಾಮೂಲು. ಸ್ವಿಟ್ಜರ್‌ಲೆಂಡಿನಲ್ಲಿ ಕಟ್ಟದೆ ಉಳಿದ ನಿಗದಿತ ದಂಡ ಸಾಮಾನ್ಯ ಮೊಕದ್ದಮೆಯಾಗಿ ಬದಲಾಗಿ ಖರ್ಚುಗಳು ಸೇರಿಕೊಳ್ಳುತ್ತವೆ. ಕೊನೆಗೂ ಕಟ್ಟದಿದ್ದರೆ ದಂಡದ ಬದಲು ಕೆಲವು ದಿನಗಳ ಸೆರೆವಾಸ ವಿಧಿಸಬಹುದು. ಅಮೆರಿಕದಲ್ಲಿ ಟಿಕೆಟಿಗೆ ಉತ್ತರಿಸದೆ ಹೊರಟುಹೋದರೆ ಆ ರಾಜ್ಯದಲ್ಲಿ ನಿಮ್ಮ ಚಾಲನಾ ಹಕ್ಕು ಅಮಾನತಾಗುತ್ತದೆ, ಕೆಲವು ಕಡೆ ನ್ಯಾಯಾಲಯ ವಾರಂಟ್ ಹೊರಡಿಸುತ್ತದೆ. ಮುಂದೆಂದೋ ಮೊಮ್ಮಗುವಿನ ಬಾಣಂತನಕ್ಕೆ ಹೋದಾಗ, ದೀಪ ಉರಿಯದ ಟೇಲ್‌ಲೈಟಿನ ಕಾರಣಕ್ಕೆ ಪೊಲೀಸರು ನಿಲ್ಲಿಸಿದರೆ ಆ ವಾರಂಟ್ ಕಂಪ್ಯೂಟರಿನಲ್ಲಿ ಮೇಲೇಳುತ್ತದೆ.

ಆದ್ದರಿಂದ ಈ ಪ್ರಶ್ನೆಯನ್ನು ‘ಅವರು ಇಲ್ಲಿಗೆ ಬಂದಾರೆಯೇ’ ಎನ್ನುವುದಕ್ಕಿಂತ ‘ನಾನಾಗಲಿ ನನ್ನ ಮನೆಯವರಾಗಲಿ ಅಲ್ಲಿಗೆ ಮತ್ತೆ ಹೋಗುವವರೇ’ ಎಂದು ಕೇಳಿಕೊಳ್ಳುವುದು ಸರಿ. ಮುಂಬೈಯಿಂದ ಒಮ್ಮೆ ಹೊರಗೆ ಹೋದವರಲ್ಲಿ ಮತ್ತೆ ಹೋಗದವರು ಕಡಿಮೆ.

ವೀಸಾ ಅರ್ಜಿಯಲ್ಲಿ ಇದನ್ನು ಬರೆಯಬೇಕೇ?

ಕಟ್ಟಿ ಮುಗಿಸಿದ ಸಣ್ಣ ದಂಡದಿಂದ ವೀಸಾ ನಿರಾಕರಣೆಯಾಗುವುದು ತೀರಾ ಅಪರೂಪ. ಅಪಾಯ ಇರುವುದು ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದರಲ್ಲಿ. ಅಮೆರಿಕದ ವೀಸಾ ಅರ್ಜಿ ಬಂಧನ ಅಥವಾ ಅಪರಾಧ ನಿರ್ಣಯ ಆಗಿದೆಯೇ ಎಂದು ಕೇಳುತ್ತದೆ. ಸಾಮಾನ್ಯ ವೇಗದ ಟಿಕೆಟ್ ಅದರೊಳಗೆ ಬರುವುದಿಲ್ಲವಾದರೂ ವರ್ಜೀನಿಯಾದ ಮೇಲಿನ ಉದಾಹರಣೆಯಂಥದು ಬರುತ್ತದೆ. ಬ್ರಿಟನ್ನಿನ ಅರ್ಜಿಯಲ್ಲಿ ಅಪರಾಧಗಳ ಪಟ್ಟಿಯ ಜೊತೆಗೆ ವಾಹನ ಚಾಲನೆಗೆ ಸಂಬಂಧಿಸಿದ ಶಿಕ್ಷೆಗಳ ಬಗ್ಗೆಯೂ ಪ್ರಶ್ನೆ ಇದೆ. ಅಲ್ಲಿ ವಂಚನೆಯಿಂದ ಅರ್ಜಿ ಹಾಕಿದ್ದು ಸಾಬೀತಾದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು. ನೂರು ಪೌಂಡಿನ ದಂಡವನ್ನು ಬಚ್ಚಿಟ್ಟು ಅಂಥ ಅಪಾಯ ಮೈಮೇಲೆ ಎಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಇಲ್ಲಿನ ಪರವಾನಗಿಗೆ ಏನಾಗುತ್ತದೆ?

ಏನೂ ಆಗುವುದಿಲ್ಲ ಎಂದರೆ ಬಹುಮಟ್ಟಿಗೆ ಸರಿ. ತಪ್ಪಿಗೆಂದು ಚಾಲಕನ ಹೆಸರಿಗೆ ಬೀಳುವ ಜರ್ಮನಿಯ ಅಂಕಗಳಾಗಲಿ ದುಬೈಯ ಕಪ್ಪು ಅಂಕಗಳಾಗಲಿ ಠಾಣೆ ನಗರದ ಅಥವಾ ಪುಣೆಯ ಆರ್‌ಟಿಒ ಕಡತಕ್ಕೆ ಸೇರುವುದಿಲ್ಲ. ಆದರೆ ಆರ್‌ಟಿಒ ಕೊಡುವ ಒಂದು ವರ್ಷ ಅವಧಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಕಥೆ ಸ್ವಲ್ಪ ಬೇರೆ. ಅದರ ಹಿಂದಿರುವುದು 1949ರ ಜಿನೀವಾ ಒಪ್ಪಂದ. ಪರವಾನಗಿ ಕಳೆದುಕೊಳ್ಳುವಷ್ಟು ಗಂಭೀರ ತಪ್ಪು ಮಾಡಿದರೆ ಆ ದೇಶ ಅದನ್ನು ಬಳಸುವ ಹಕ್ಕನ್ನು ಹಿಂತೆಗೆದುಕೊಳ್ಳಬಹುದು, ನಿಷೇಧ ಮುಗಿಯುವವರೆಗೆ ಅಥವಾ ನೀವು ದೇಶ ಬಿಡುವವರೆಗೆ ಅದನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು, ಅದರ ಮೇಲೆ ಷರಾ ಬರೆಯಬಹುದು, ಕೊಟ್ಟ ಕಚೇರಿಗೆ ಹೆಸರು ವಿಳಾಸ ತಿಳಿಸಲೂಬಹುದು ಎನ್ನುತ್ತದೆ ಒಪ್ಪಂದದ 24ನೇ ವಿಧಿ. ಪ್ರವಾಸದ ನಡುವೆ ಹಾಗಾದರೆ ಉಳಿದ ದಿನಗಳಿಗೆ ರೈಲೇ ಗತಿ.

ಕಟ್ಟುವುದು, ತಕರಾರು ಮಾಡುವುದು, ಅಸಲಿಯೇ ಎಂದು ನೋಡುವುದು

ಅಧಿಕೃತ ಜಾಲತಾಣದಲ್ಲಿ ಕಾರ್ಡಿನಿಂದ ಕಟ್ಟಲು ಅವಕಾಶವಿದ್ದರೆ ಅದೇ ಸುಲಭ. ಫ್ರಾನ್ಸಿನದು ಇಂಗ್ಲಿಷಿನಲ್ಲೂ ಇದೆ. ಬ್ಯಾಂಕ್ ಖಾತೆಗೇ ಕಳುಹಿಸಬೇಕೆಂದಿದ್ದರೆ ನಿಮ್ಮ ಬ್ಯಾಂಕಿನಲ್ಲಿ ವಿದೇಶಿ ವರ್ಗಾವಣೆಯ ಅರ್ಜಿ ತುಂಬಬೇಕು. ಆಗ ಎಲ್ಲ ಶುಲ್ಕವೂ ಕಳುಹಿಸುವವನದೇ ಎಂಬ ಆಯ್ಕೆ ಮಾಡಿ, ಪ್ರಕರಣದ ಸಂಖ್ಯೆಯನ್ನು ತಪ್ಪದೆ ಬರೆಯಿಸಿ. ಇಲ್ಲದಿದ್ದರೆ ನಡುವಿನ ಬ್ಯಾಂಕು ಕೆಲವು ಯೂರೊ ಹಿಡಿದುಕೊಂಡು, ಅಲ್ಲಿ ತಲಪುವ ಮೊತ್ತ ಕಡಿಮೆಯಾಗಿ, ಬಾಕಿಯೆಂದು ಇನ್ನೊಂದು ಕಾಗದ ಹೊರಡುತ್ತದೆ.

ಹಣ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ. ಕಾರು ಆ ಹೊತ್ತಿನಲ್ಲಿ ನಿಮ್ಮ ಬಳಿ ಇರಲೇ ಇಲ್ಲವೆಂದಾದರೆ ಕಟ್ಟುವ ಮೊದಲೇ ತಕರಾರು ಸಲ್ಲಿಸಬೇಕು. ಇಟಲಿಯಲ್ಲಿ ಪ್ರಿಫೆಕ್ಟ್ ಎಂಬ ಜಿಲ್ಲಾ ಮಟ್ಟದ ಸರ್ಕಾರಿ ಅಧಿಕಾರಿಗೆ 60 ದಿನಗಳೊಳಗೆ ಮನವಿ ಮಾಡಬಹುದು. ಫ್ರಾನ್ಸಿನಲ್ಲಿ ವೇಗದ ಕ್ಯಾಮೆರಾ ಪ್ರಕರಣವನ್ನು ಪ್ರಶ್ನಿಸಲು ಸಾಮಾನ್ಯವಾಗಿ ದಂಡದಷ್ಟೇ ಹಣವನ್ನು ಮುಂಗಡ ಠೇವಣಿಯಾಗಿ ಇಡಬೇಕು, ಗೆದ್ದರೆ ಅದು ವಾಪಸು ಬರುತ್ತದೆ. ಕಾರು ಪಡೆದ ಮತ್ತು ಹಿಂತಿರುಗಿಸಿದ ಗಂಟೆ ನಮೂದಾದ ರಸೀದಿ ಇಂಥ ಹೊತ್ತಿನಲ್ಲಿ ಬೇಕಾಗುವ ಮುಖ್ಯ ದಾಖಲೆ. ಅದನ್ನು ವರ್ಷವಾದರೂ ಎಸೆಯಬಾರದು.

ಕೊನೆಯದಾಗಿ ನಕಲಿಯ ಮಾತು. ಇ-ಚಲನ್ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಎಂಬ, ಮೊಬೈಲಿನಲ್ಲಿ ಆ್ಯಪ್ ಕೂರಿಸುವ ಕಡತ ಕಳುಹಿಸಿ ಖಾತೆ ಬರಿದು ಮಾಡುವ ವಂಚನೆ ನಮ್ಮಲ್ಲಿ ಈಗಾಗಲೇ ಸಾಕಷ್ಟು ನಡೆದಿದೆ, ವಿದೇಶಿ ದಂಡದ ಹೆಸರಿನಲ್ಲೂ ಹಾಗೆ ಸಂದೇಶಗಳು ಬರುತ್ತವೆ. ಅಸಲಿ ನೋಟಿಸಿನಲ್ಲಿ ಕಾರಿನ ನಂಬರು, ಸ್ಥಳ, ದಿನಾಂಕ ಮತ್ತು ಗಂಟೆ ಇರುತ್ತದೆ. ಅವು ನಿಮ್ಮ ಬಾಡಿಗೆ ಕರಾರಿನೊಂದಿಗೆ ತಾಳೆಯಾಗಬೇಕು. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಅಲ್ಲಿನ ಇಲಾಖೆಯ ಜಾಲತಾಣವನ್ನು ನೀವೇ ಹುಡುಕಿ ಪ್ರಕರಣದ ಸಂಖ್ಯೆ ಹಾಕಿ ನೋಡಿ. ಆಗಲೂ ಅನುಮಾನವಿದ್ದರೆ ಬಾಡಿಗೆ ಕಂಪನಿಗೆ ಇ-ಮೇಲ್ ಬರೆದು ಕೇಳಿ. ನಿಮ್ಮ ವಿಳಾಸವನ್ನು ಯಾವ ಇಲಾಖೆಗೆ, ಯಾವ ದಿನ ಕೊಟ್ಟೆವು ಎಂಬುದು ಅವರ ಕಡತದಲ್ಲಿ ಇರುತ್ತದೆ.